ಹೆಸರು ಹೇಳಬೇಡ, ಕಂಡದ್ದು ಹೇಳು

ಕುತ್ತಿಗೆಯಲ್ಲೋ, ಎದೆಯಲ್ಲೋ, ಕಂಕುಳಲ್ಲೋ ಒಂದು ಗಂಟು ಕೈಗೆ ಸಿಗುತ್ತೆ. ಡಾಕ್ಟರು ಚೀಟಿಯಲ್ಲಿ ನಾಲ್ಕು ಅಕ್ಷರ ಬರೀತಾರೆ: ಎಫ್‌ಎನ್‌ಎಸಿ. 'ಸಣ್ಣ ಸೂಜಿ ಚುಚ್ಚಿ ನೋಡ್ತಾರಂತೆ' ಅಂತ ಮನೆಯಲ್ಲಿ ಮಾತಾಗುತ್ತೆ. ಒಂದೆರಡು ದಿನ ಬಿಟ್ಟು, ನೀವು ಆಫೀಸಿನ ಮೀಟಿಂಗಿನಲ್ಲಿ ಕೂತಿರುವಾಗ ವಾಟ್ಸಾಪಿಗೆ ಒಂದು ಪಿಡಿಎಫ್ ಬರುತ್ತೆ. ಅಮ್ಮನದ್ದೋ ಅಪ್ಪನದ್ದೋ ರಿಪೋರ್ಟು. ಮೇಲಿನ ಹತ್ತು ಸಾಲು ಯಾರೂ ಓದಲ್ಲ. ಕಣ್ಣು ನೇರವಾಗಿ ಕೊನೇ ಸಾಲಿಗೆ ಹೋಗುತ್ತೆ. ಅಲ್ಲಿರುವ ಪದವನ್ನು ಗೂಗಲ್‌ಗೆ ಹಾಕಿದ ಮೇಲೆ ಆ ರಾತ್ರಿ ನಿದ್ದೆ ಬರಲ್ಲ.

ಆ ಕೊನೇ ಸಾಲು ಬರೆಯುವವರನ್ನು ತಯಾರು ಮಾಡೋದು ನನ್ನ ಕೆಲಸ. ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ. ದಿನಾ ಹದಿನಾಲ್ಕು ಕಿಲೋಮೀಟರ್ ಬಸ್ಸು. ಪಕ್ಕದ ಸೀಟಿನವರು ಪರಿಚಯ ಆದ ಮೇಲೆ ಕೇಳೋದು ಒಂದೇ ಪ್ರಶ್ನೆ. 'ಡಾಕ್ಟ್ರು ಅಂತೀರಿ, ಪೇಷಂಟ್ ನೋಡಲ್ವೇನ್ರಿ ಮೇಡಮ್ಮಾರೆ?' ನೋಡ್ತೀನಿ ರೀ, ಆದ್ರೆ ಇಡೀ ಮನುಷ್ಯರನ್ನಲ್ಲ, ಒಂದೊಂದು ಜೀವಕೋಶವನ್ನ ಅಂತ ಹೇಳಿದ್ರೆ ನಗ್ತಾರೆ.

ನಗೋ ಮಾತೇನಲ್ಲ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ನಮ್ಮ ಹತ್ತಿಗಿರಣಿಗಳ ಊರು ಡಾಕ್ಟರುಗಳನ್ನು ತಯಾರು ಮಾಡೋ ಊರೂ ಆಗಿದೆ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಆಸ್ಪತ್ರೆಗಳು ಹೆಚ್ಚಾದವು. ಈಗ ಹಾವೇರಿ, ಚಿತ್ರದುರ್ಗ, ವಿಜಯನಗರ ಜಿಲ್ಲೆಗಳಿಂದಲೂ ಗಂಟುಗಳು, ಕೆಮ್ಮುಗಳು, ಮಾಯದ ಹುಣ್ಣುಗಳು ಬಸ್ಸು ಹತ್ತಿ ದಾವಣಗೆರೆಗೆ ಬರುತ್ತವೆ. ಇಷ್ಟೂ ಜನರ ಮುಂದಿನ ದಾರಿ ಎಷ್ಟೋ ಸಲ ಒಂದು ಗಾಜಿನ ಚೂರಿನ ಮೇಲೆ ನಿಂತಿರುತ್ತೆ. ಅದನ್ನು ಓದೋದು ಹೇಗೆ ಅಂತ ಇಪ್ಪತ್ತೈದು, ಇಪ್ಪತ್ತಾರು ವಯಸ್ಸಿನ ಹುಡುಗ ಹುಡುಗಿಯರಿಗೆ ಕಲಿಸ್ತೀವಿ. ಈ ಸಲ ಅದರ ಕಥೆ.

ಇಟ್ಟಿಗೆ ನೋಡಿ ಗೋಡೆ ಹೇಳೋದು

ಬಯಾಪ್ಸಿ ಅನ್ನೋ ಪದ ನೀವು ಕೇಳಿರ್ತೀರಿ. ಅದು ಮನೆಯ ಗೋಡೆಯಿಂದ ಒಂದು ತುಂಡು ಕಿತ್ತು ತಂದು ನೋಡಿದ ಹಾಗೆ. ಇಟ್ಟಿಗೆ, ಗಾರೆ, ಜೋಡಣೆ ಎಲ್ಲ ಕಾಣುತ್ತೆ. ಸೈಟಾಲಜಿ ಅಂದ್ರೆ ಗೋಡೆಯಿಂದ ಉದುರಿದ ಇಟ್ಟಿಗೆಗಳನ್ನು ಮಾತ್ರ ನೋಡಿ ಮನೆಗೆ ಏನಾಗಿದೆ ಅಂತ ಹೇಳೋದು. ಕಷ್ಟದ ಕೆಲಸ. ಆದ್ರೆ ಕತ್ತರಿ ಬೇಡ, ಹೊಲಿಗೆ ಬೇಡ, ಆಪರೇಷನ್ ಥಿಯೇಟರ್ ಬೇಡ. ಸುಮಾರು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪನೆಯ, 23 ಗೇಜ್ ಸೂಜಿ ಸಾಕು. ಬೆಳಿಗ್ಗೆ ಚುಚ್ಚಿದರೆ ಎಷ್ಟೋ ಸಲ ಸಂಜೆಯೊಳಗೆ ಉತ್ತರ ಸಿಗುತ್ತೆ. ದಿನಗೂಲಿಯ ಮೇಲೆ ಬದುಕೋ ಜನ ಇರುವ ಕಡೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇದನ್ನು ಜಗತ್ತಿಗೆ ಒಪ್ಪಿಸೋದೂ ಸುಲಭ ಇರಲಿಲ್ಲ. ಗ್ರೀಸ್ ದೇಶದಿಂದ ಅಮೆರಿಕಕ್ಕೆ ಹೋದ ಜಾರ್ಜ್ ಪಪಾನಿಕೊಲಾವ್, ಗರ್ಭಕೊರಳಿನಿಂದ ಉದುರಿದ ಜೀವಕೋಶಗಳನ್ನು ನೋಡಿಯೇ ಕ್ಯಾನ್ಸರ್ ಹೇಳಬಹುದು ಅಂತ 1928ರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅವರ ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮದೇ ಸ್ಯಾಂಪಲ್ ಕೊಟ್ಟು ಆ ಸಂಶೋಧನೆಗೆ ನೆರವಾದರು. 1941ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಬರೆದ ಲೇಖನ, 1943ರಲ್ಲಿ ಬಂದ ಪುಸ್ತಕ, ಇವುಗಳ ನಂತರವೇ ಜನ ನಂಬಿದ್ದು. ಇವತ್ತು ನಾವು 'ಪ್ಯಾಪ್ ಟೆಸ್ಟ್' ಅನ್ನೋದು ಅವರ ಹೆಸರಿನ ಮೊದಲ ತುಣುಕು.

ಸೂಜಿಯ ವಿಷಯದಲ್ಲೂ ಹಾಗೇ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲಿಸ್ 1930ರಲ್ಲೇ ಬರೆದಿದ್ದರು. ಇವರಲ್ಲಿ ಎಲಿಸ್ ಡಾಕ್ಟರಲ್ಲ, ಲ್ಯಾಬ್ ಟೆಕ್ನೀಶಿಯನ್. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬೇಕಂತಲೇ ಹೇಳ್ತೀನಿ. ಸ್ಲೈಡಿಗೆ ಬಣ್ಣ ಹಾಕುವವರನ್ನು 'ಏಯ್, ಬಾ ಇಲ್ಲಿ' ಅಂತ ಕರೆಯೋ ಅಭ್ಯಾಸ ಮೊದಲ ವಾರದಲ್ಲೇ ಬಿಟ್ಟು ಹೋಗಲಿ ಅಂತ.

ಬೆಣ್ಣೆದೋಸೆ ಅಲ್ಲ, ಪೇಪರ್ ದೋಸೆ

ಎಂಡಿ ಪೆಥಾಲಜಿ ಮೂರು ವರ್ಷದ ಓದು. ಸೇರಿದವರೆಲ್ಲ ಮೊದಲ ದಿನವೇ ಮೈಕ್ರೋಸ್ಕೋಪಿನ ಮುಂದೆ ಕೂರೋಕೆ ಹಾತೊರೀತಾರೆ. ನಾನು ಕೂರಿಸಲ್ಲ. ಮೊದಲು ಸ್ಲೈಡು ಎಳೆಯೋದು ಕಲೀರಿ ಅಂತೀನಿ.

ಸೂಜಿಯಿಂದ ಬಂದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಇನ್ನೊಂದು ಗಾಜಿನಿಂದ ಮೆಲ್ಲಗೆ ಎಳೆದು ಹರಡಬೇಕು. ಜೋರಾಗಿ ಒತ್ತಿದ್ರೆ ಜೀವಕೋಶ ಹರಿದು ದಾರದ ಹಾಗೆ ಆಗುತ್ತೆ. ದಪ್ಪ ಬಿಟ್ರೆ ಒಂದರ ಮೇಲೊಂದು ಕೂತು ಏನೂ ಕಾಣಲ್ಲ. ನಮ್ಮೂರಿನ ಬೆಣ್ಣೆದೋಸೆ ದಪ್ಪ, ಪುಟ್ಟದು, ಅದೇ ಅದರ ಚೆಂದ. ಸ್ಲೈಡಿಗೆ ಬೇಕಿರೋದು ಮಾತ್ರ ಪೇಪರ್ ದೋಸೆಯ ಕೈ. ಹೊರ ರಾಜ್ಯದಿಂದ ಬಂದ ವಿದ್ಯಾರ್ಥಿಗೂ ಈ ಮಾತು ಒಂದೇ ಸಲಕ್ಕೆ ಅರ್ಥ ಆಗುತ್ತೆ, ಯಾಕಂದ್ರೆ ಬಂದ ವಾರದಲ್ಲೇ ಬೆಣ್ಣೆದೋಸೆ ತಿಂದಿರ್ತಾರೆ.

ಹರಡಿದ ಮೇಲೆ ಸಿಗೋದು ಕೆಲವೇ ಸೆಕೆಂಡು. ಪ್ಯಾಪ್ ಬಣ್ಣಕ್ಕೆ ಹೋಗೋ ಸ್ಲೈಡು ಒಣಗೋ ಮೊದಲೇ 95 ಪರ್ಸೆಂಟ್ ಆಲ್ಕೋಹಾಲಿನ ಜಾರಿಗೆ ಬೀಳಬೇಕು. ಗಾಳಿಗೆ ಒಣಗಿದ್ರೆ ಜೀವಕೋಶದ ನಡುವಿನ ನ್ಯೂಕ್ಲಿಯಸ್ ಹರಡಿ ದೊಡ್ಡದಾಗಿ, ಮಸುಕಾಗಿ ಕಾಣುತ್ತೆ. ದೊಡ್ಡ ನ್ಯೂಕ್ಲಿಯಸ್ ಅಂದ್ರೆ ಕ್ಯಾನ್ಸರಿನ ಅನುಮಾನ ಅಂತ ಪುಸ್ತಕ ಹೇಳುತ್ತೆ. ಹಾಗಾಗಿ ಫ್ಯಾನಿನ ಕೆಳಗೆ ನಿಂತು ಸ್ಲೈಡು ಎಳೆದವರ ಅಜಾಗರೂಕತೆ ಮೈಕ್ರೋಸ್ಕೋಪಿನ ಕೆಳಗೆ ಕಾಯಿಲೆಯ ವೇಷ ಹಾಕ್ಕೊಂಡು ಬರಬಹುದು. ಗೀಮ್ಸಾ ಬಣ್ಣಕ್ಕೆ ಇದರ ಉಲ್ಟಾ, ಬೇಕಂತಲೇ ಬೇಗ ಒಣಗಿಸಬೇಕು. ಯಾವ ಸ್ಲೈಡು ಜಾರಿಗೆ, ಯಾವುದು ಗಾಳಿಗೆ ಅನ್ನೋದು ಕೈಗೆ ಗೊತ್ತಾಗಬೇಕು, ತಲೆ ಯೋಚನೆ ಮಾಡುವಷ್ಟರಲ್ಲಿ ಹೊತ್ತು ಮೀರಿರುತ್ತೆ.

2019ರಿಂದ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸೈಟಾಲಜಿಯ ಉಪಯೋಗ, ವಿಧಾನ ತಿಳಿಯೋದರ ಜೊತೆಗೆ ಬಣ್ಣ ಹಾಕಿದ ಸ್ಲೈಡು ನೋಡಿ ಅರ್ಥ ಮಾಡಿಕೊಳ್ಳೋದೂ ಸೇರಿದೆ. ಎರಡನೇ ವರ್ಷದ ಮಕ್ಕಳು ಬಂದಾಗಲೂ ನಾನು ಇದನ್ನೇ ಮೊದಲು ತೋರಿಸ್ತೀನಿ. ಅವರಲ್ಲಿ ಹೆಚ್ಚಿನವರು ಪೆಥಾಲಜಿಸ್ಟ್ ಆಗಲ್ಲ. ಆದ್ರೆ ನಾಳೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಸೂಜಿ ಹಿಡಿಯೋರು ಅವರೇ.

ಸಾಲು ಬಿಡದ ಹಾಗೆ

ಆಮೇಲೆ ಮೈಕ್ರೋಸ್ಕೋಪು. ಇಬ್ಬರು ಒಟ್ಟಿಗೆ ನೋಡುವಂಥದ್ದು, ಒಳಗೆ ಒಂದು ಹಸಿರು ಬಾಣ ಇರುತ್ತೆ, ತೋರಿಸೋಕೆ. ಹೊಸಬರು ಮಾಡೋ ಮೊದಲ ಕೆಲಸ ಅಂದ್ರೆ ದೊಡ್ಡ ಲೆನ್ಸಿಗೆ ಹಾರೋದು. 40ರ ಲೆನ್ಸು ಹಾಕಿ, ಕಂಡ ಮೊದಲ ದೊಡ್ಡ ಜೀವಕೋಶಕ್ಕೆ 'ಮ್ಯಾಮ್, ಮ್ಯಾಲಿಗ್ನೆಂಟ್!' ಅಂದುಬಿಡೋದು.

ಮೊದಲು ಚಿಕ್ಕ ಲೆನ್ಸು. ಊರಿಗೆ ಬಂದವರು ಮೊದಲು ಊರು ನೋಡಬೇಕು, ನೇರ ಯಾರದೋ ಮನೆ ಅಡುಗೆಕೋಣೆಗೆ ನುಗ್ಗಬಾರದು. ಸ್ಲೈಡಿನಲ್ಲಿ ಜೀವಕೋಶ ಎಷ್ಟಿವೆ, ಗುಂಪಾಗಿವೆಯೋ ಬಿಡಿಬಿಡಿಯಾಗಿವೆಯೋ, ಹಿನ್ನೆಲೆಯಲ್ಲಿ ರಕ್ತವೋ ಕೀವೋ ಲೋಳೆಯೋ. ಆಮೇಲೆ ಹೊಲಕ್ಕೆ ಕುಂಟೆ ಹೊಡೆದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಸಾಲಿಗೆ ಸಾಲು ತಾಗಿಸಿ, ಒಂದಿಷ್ಟೂ ಬಿಡದೆ ನೋಡಿಕೊಂಡು ಹೋಗಬೇಕು. ಹಳೇ ವಿಧಾನದ ಪ್ಯಾಪ್ ಸ್ಲೈಡೊಂದು ಸರಿಯಾಗಿದೆ ಅನ್ನಿಸಿಕೊಳ್ಳೋಕೆ ಕನಿಷ್ಠ ಎಂಟು ಸಾವಿರದಷ್ಟು ಜೀವಕೋಶ ಇರಬೇಕು. ಅಷ್ಟರಲ್ಲಿ ಕೆಟ್ಟದ್ದು ಹತ್ತೇ ಇರಬಹುದು, ಅದೂ ಕೊನೇ ಸಾಲಿನ ಮೂಲೆಯಲ್ಲಿ.

ಅಳತೆಗೆ ಸ್ಕೇಲು ಬೇಕಲ್ಲ? ಅದು ಸ್ಲೈಡಿನಲ್ಲೇ ಇರುತ್ತೆ. ಕೆಂಪು ರಕ್ತಕಣ ಸುಮಾರು ಏಳು ಮೈಕ್ರಾನ್, ಎಲ್ಲರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದರ ಪಕ್ಕದಲ್ಲಿಟ್ಟು ಉಳಿದದ್ದನ್ನು ಅಳೆಯೋದು.

ಇನ್ನು ನನ್ನ ಕ್ಲಾಸಿನ ಒಂದೇ ಕಟ್ಟುನಿಟ್ಟಿನ ನಿಯಮ: ಹೆಸರು ಹೇಳಬೇಡ, ಕಂಡದ್ದು ಹೇಳು. ಕಾಯಿಲೆಯ ಹೆಸರು ಬಾಯಿಗೆ ಬಂದ ಕೂಡಲೇ ಕಣ್ಣು ಕೆಲಸ ನಿಲ್ಲಿಸಿಬಿಡುತ್ತೆ. ಆಮೇಲೆ ನಾವು ನೋಡೋದಿಲ್ಲ, ಆ ಹೆಸರಿಗೆ ಸಾಕ್ಷಿ ಹುಡುಕ್ತೀವಿ. ಮದುವೆಗೆ ಹುಡುಗ ಒಪ್ಪಿಗೆ ಆದ ಮೇಲೆ ವಿಚಾರಿಸೋಕೆ ಹೋದ ಹಾಗೆ, ಸಿಕ್ಕಿದ್ದೆಲ್ಲ ಒಳ್ಳೇದೇ ಕಾಣುತ್ತೆ.

ಕೀವು ಅಂದುಕೊಂಡದ್ದು

ಒಂದು ದಿನ ಹರಿಹರದಿಂದ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೀತಿದ್ದೀನಿ. ಕುತ್ತಿಗೆಯ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಜೊತೆಗೆ ಮಗಳು, ಬಟ್ಟೆ ಅಂಗಡಿಯಲ್ಲಿ ಕೆಲಸ, ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ನಮ್ಮ ಮೊದಲ ವರ್ಷದ ಪಿಜಿ ಹುಡುಗಿ ಸೂಜಿ ಹಾಕಿದಳು. ಬಂದದ್ದು ಬೆಳ್ಳಗೆ, ಗಟ್ಟಿ ಕೀವಿನಂಥದ್ದು. ಒಂದು ಸ್ಲೈಡಿಗೆ ಟೊಲುಯಿಡಿನ್ ಬ್ಲೂ ಹನಿ ಬಿಟ್ಟು ಅಲ್ಲೇ ನೋಡಿದಳು. ಹಾಗೆ ನೋಡೋಕೆ ನಾಲ್ಕೈದು ನಿಮಿಷ ಸಾಕು. ಪೇಷಂಟ್ ಎದ್ದು ಹೋಗೋ ಮೊದಲು ಸಿಕ್ಕಿದ್ದು ಸಾಕೋ ಸಾಲದೋ ಅಂತ ಗೊತ್ತಾಗಲಿ ಅನ್ನೋದಕ್ಕೇ ಆ ಪದ್ಧತಿ.

'ಕೇಸಿಯಸ್ ನೆಕ್ರೋಸಿಸ್ ಮ್ಯಾಮ್. ಟಿಬಿ.'

ಅವಳು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕಡೆ ಕುತ್ತಿಗೆಯ ಗಂಟಿನಿಂದ ಬಿಳಿ ಕೀವು ಬಂದರೆ ಮೊದಲು ನೆನಪಾಗೋದು ಟಿಬಿಯೇ.

'ಹೆಸರು ಬೇಡ. ಏನು ಕಾಣ್ತಿದೆ?'

'ಸತ್ತ ಜೀವಕೋಶಗಳ ಪುಡಿ. ಅಲ್ಲಲ್ಲಿ ಒಂದೊಂದು ನ್ಯೂಟ್ರೋಫಿಲ್.'

'ಎಪಿಥೀಲಿಯಾಯ್ಡ್ ಜೀವಕೋಶ?' ಚಪ್ಪಲಿಯ ಅಟ್ಟೆಯ ಹಾಗೆ ಉದ್ದಕ್ಕಿರೋ ನ್ಯೂಕ್ಲಿಯಸ್ಸಿನವು ಅವು. ಗುಂಪು ಕಟ್ಟಿಕೊಂಡು ಕೂತಿದ್ದರೆ ಟಿಬಿಯ ಕಡೆ ಬಲವಾಗಿ ಕೈ ತೋರಿಸುತ್ತವೆ.

'ಇಲ್ಲ ಮ್ಯಾಮ್.'

'ಹಾಗಿದ್ರೆ ಟಿಬಿ ಅಂತ ಹೇಳಿದ್ದು ಸ್ಲೈಡೋ, ನೀನೋ?'

ಅವಳು ಸುಮ್ಮನಾದಳು. ನಾನು ಇನ್ನೊಂದು ಕೇಳಿದೆ. 'ಅವರ ಬಾಯಿ ನೋಡಿದೆಯಾ?'

ನೋಡಿರಲಿಲ್ಲ. ಗಂಟು ಕುತ್ತಿಗೆಯಲ್ಲಿತ್ತಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಕೂತಿದ್ದ ಆ ತಾಯಿಯ ಹತ್ತಿರ ಹೋಗಿ ಕೇಳಿದಳು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಚಿಕ್ಕಂದಿನಿಂದ. ರಾತ್ರಿ ಕೂಡ ಕೆನ್ನೆಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ. ಟಾರ್ಚ್ ಹಾಕಿ ನೋಡಿದರೆ ಎಡಗೆನ್ನೆಯ ಒಳಗೆ, ಅದನ್ನು ಇಟ್ಟುಕೊಳ್ಳೋ ಜಾಗದಲ್ಲೇ, ಒಂದು ಹುಣ್ಣು. ನೋವಿಲ್ಲ ಅಂತ ಅವರು ಯಾರಿಗೂ ಹೇಳಿರಲಿಲ್ಲ.

ಇಲ್ಲೇ ಇರೋದು ವಿಷಯ. ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗೆ ಇಳಿದಾಗ ಕೆಲವು ಸಲ ಗಂಟಿನ ನಡುಭಾಗ ಸತ್ತು ಕರಗಿ ಹೋಗುತ್ತೆ. ಸೂಜಿಗೆ ಬರೋದು ಬಿಳಿ ಕೀವಿನಂಥದ್ದೇ. ಟಿಬಿಯ ಕೀವು, ಕ್ಯಾನ್ಸರಿನ ಕೊಳೆತ ತಿರುಳು, ಎರಡನ್ನೂ ಸಿರಿಂಜಿನಲ್ಲಿ ನೋಡಿದವರು ಬೇರೆ ಮಾಡೋಕೆ ಆಗಲ್ಲ. ನಮ್ಮ ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿಯಲ್ಲಿ ಹರನೂ ಇದ್ದಾನೆ, ಹರಿಯೂ ಇದ್ದಾನೆ. ಒಂದೇ ಪಕ್ಕದಲ್ಲಿ ನಿಂತು ನೋಡಿದವರು ಅರ್ಧ ಮಾತ್ರ ನೋಡಿರ್ತಾರೆ ಅಂತ ಆ ಹುಡುಗಿಗೆ ಆಮೇಲೆ ಹೇಳಿದೆ.

ಇನ್ನೊಂದು ಸಲ ಸೂಜಿ ಹಾಕಬೇಕು, ಈ ಸಲ ನಡುವಿಗಲ್ಲ, ಗಂಟಿನ ಗಟ್ಟಿಯಾದ ಅಂಚಿಗೆ. ಅಲ್ಲಿ ಇನ್ನೂ ಬದುಕಿರೋ ಜೀವಕೋಶ ಸಿಗಬಹುದು. ಆ ತಾಯಿ ಒಪ್ಪಲಿಲ್ಲ.

'ಮತ್ತೆ ಯಾಕವ್ವಾ ಚುಚ್ಚಾದು? ಒಂದ್ ಸಲ ಚುಚ್ಚಿದ್ರಲ್ಲ. ನೀವು ಕಲಿಯಾಕೆ ನಮ್ಮ ಕುತ್ತಿಗೆನೇ ಬೇಕಾ?'

ಕಲಿಸುವ ಆಸ್ಪತ್ರೆಗಳಲ್ಲಿ ಕೇಳಿಬರೋ ಅತ್ಯಂತ ನ್ಯಾಯವಾದ ಪ್ರಶ್ನೆ ಅದು. ನಾನು ಉತ್ತರಿಸೋಕೆ ಹೋಗಲಿಲ್ಲ. ಹುಡುಗಿಯೇ ಬೆಂಚಿನ ಮೇಲೆ ಅವರ ಪಕ್ಕ ಕೂತಳು. 'ಅಮ್ಮಾ, ಮೊದಲು ಬಂದದ್ದರಲ್ಲಿ ಉತ್ತರ ಇಲ್ಲ. ಈಗ ಹಿಂಗೇ ಕಳಿಸಿದ್ರೆ ಇನ್ನೊಂದು ದಿನ ಕೆಲಸ ಬಿಟ್ಟು ಬರಬೇಕಾಗುತ್ತೆ. ಈಗಲೇ ತೆಗೆದ್ರೆ ಇವತ್ತೇ ನೋಡ್ತೀನಿ' ಅಂದಳು. ಮಗಳು ಅಮ್ಮನ ಕೈ ಹಿಡಿದುಕೊಂಡಳು. ಅವರು ಕುತ್ತಿಗೆ ತಿರುಗಿಸಿದರು.

ಎರಡನೇ ಸ್ಲೈಡು ಪ್ಯಾಪ್ ಬಣ್ಣದಲ್ಲಿ ಬಂತು. ಹುಡುಗಿ ಚಿಕ್ಕ ಲೆನ್ಸಿನಿಂದ ಶುರುಮಾಡಿ ಸಾಲು ಹಿಡಿದು ಹೋದಳು. ಹೆಚ್ಚಿನ ಕಡೆ ಅದೇ ಪುಡಿ. ನಾಲ್ಕನೇ ಸಾಲಿನಲ್ಲೋ ಐದನೆಯದರಲ್ಲೋ ಕೈ ನಿಂತಿತು. ಕಡು ಕಿತ್ತಳೆ ಬಣ್ಣದ ಕೆಲವೇ ಜೀವಕೋಶ. ಒಂದಕ್ಕೆ ಗೊದಮೊಟ್ಟೆಯ ಹಾಗೆ ಬಾಲ. ನ್ಯೂಕ್ಲಿಯಸ್ ಇಂಕು ಚೆಲ್ಲಿದ ಹಾಗೆ ಕಪ್ಪು. ಕೆರಾಟಿನ್ ಇರೋ ಜೀವಕೋಶ ಆ ಬಣ್ಣ ಹಿಡಿಯುತ್ತೆ. ಚರ್ಮದಲ್ಲಿ, ಬಾಯಿಯ ಒಳಪದರದಲ್ಲಿ ಅದು ಇರಬಹುದು, ಕುತ್ತಿಗೆಯ ಗ್ರಂಥಿಯೊಳಗೆ ಅದಕ್ಕೆ ಕೆಲಸ ಇಲ್ಲ.

ಅವಳು ನನ್ನನ್ನು ಕರೆದಳು. ಈ ಸಲ ಹೆಸರು ಹೇಳಲಿಲ್ಲ. ಹಸಿರು ಬಾಣ ಅಲ್ಲಿಗೆ ತಂದು ನಿಲ್ಲಿಸಿ, ಬಣ್ಣ, ಆಕಾರ, ನ್ಯೂಕ್ಲಿಯಸ್ ಒಂದೊಂದಾಗಿ ಹೇಳಿದಳು. ಹೇಳ್ತಾ ಹೇಳ್ತಾ ಅವಳ ಧ್ವನಿ ಸಣ್ಣಗಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಅವಳಿಗೆ ಈಗ ಗೊತ್ತಿದ್ದರಲ್ಲ.

ಟಿಬಿ ಬ್ಯಾಕ್ಟೀರಿಯಾ ಹುಡುಕೋ ಬಣ್ಣವನ್ನೂ ಹಾಕಿ ನೋಡಿದೆವು, ಸಿಗಲಿಲ್ಲ. ಕೆನ್ನೆಯ ಹುಣ್ಣಿನ ಬಯಾಪ್ಸಿ ಅದೇ ಮಾತು ಹೇಳಿತು. ಮೊದಲ ಸ್ಲೈಡನ್ನೇ ನಂಬಿ 'ಟಿಬಿ ಇರಬಹುದು' ಅಂತ ಬರೆದಿದ್ದರೆ ಮಾತ್ರೆ ಶುರುವಾಗಿ, ಗಂಟು ಕರಗಲಿಲ್ಲ ಅಂತ ಅವರು ತಿರುಗಿ ಬರೋ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಬಾಯಿಯ ಕ್ಯಾನ್ಸರಿಗೆ ಅಷ್ಟು ಕಾಯುವ ವ್ಯವಧಾನ ಇಲ್ಲ.

'ಹೇಳೋಕಾಗಲ್ಲ' ಅನ್ನೋದೂ ಒಂದು ಉತ್ತರ

ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟವಾಗೋದು ಕ್ಯಾನ್ಸರ್ ಗುರುತಿಸೋದಲ್ಲ, 'ಇದರಲ್ಲಿ ಹೇಳೋಕಾಗಲ್ಲ' ಅಂತ ಬರೆಯೋದು. ಹತ್ತನೇ ಕ್ಲಾಸಿನಿಂದ ಇಲ್ಲಿವರೆಗೆ ಉತ್ತರ ಗೊತ್ತಿದ್ದವರಿಗೇ ಮಾರ್ಕ್ಸು ಸಿಕ್ಕಿರೋದು. ನೀಟ್ ಬರೆದು, ರ‍್ಯಾಂಕ್ ತಗೊಂಡು ಬಂದವರಿಗೆ ಖಾಲಿ ಬಿಡೋದು ಸೋಲಿನ ಹಾಗೆ ಅನ್ನಿಸುತ್ತೆ.

ಆದ್ರೆ ಈ ವಿದ್ಯೆ ತನ್ನ ಗಡಿಯನ್ನು ಬರೆದಿಟ್ಟುಕೊಂಡಿದೆ. ಥೈರಾಯ್ಡ್ ಉದಾಹರಣೆ ತಗೊಳ್ಳಿ. 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ತಜ್ಞರು ಸೇರಿ ಥೈರಾಯ್ಡ್ ರಿಪೋರ್ಟಿಗೆ ಆರು ವರ್ಗ ಮಾಡಿದರು. ಇವತ್ತು ನಮ್ಮಲ್ಲೂ ಅದೇ ಬಳಕೆಯಲ್ಲಿದೆ. ಅದರಲ್ಲಿ ಮೊದಲನೇ ವರ್ಗವೇ 'ಹೇಳೋಕೆ ಸಾಲದು'. ಸಾಮಾನ್ಯವಾಗಿ ಹತ್ತು ಹತ್ತು ಜೀವಕೋಶಗಳ ಆರು ಗುಂಪಾದರೂ ಚೆನ್ನಾಗಿ ಕಾಣಬೇಕು, ಇಲ್ಲದಿದ್ದರೆ ಅಭಿಪ್ರಾಯ ಬರೆಯೋ ಹಾಗಿಲ್ಲ. ಐದು ಗುಂಪು ಇದೆ, ಅಡ್ಜಸ್ಟ್ ಮಾಡ್ಕೊಳ್ಳೋಣ ಅನ್ನೋ ಹಾಗಿಲ್ಲ.

ಇನ್ನೊಂದು ಗಡಿ ಇನ್ನೂ ಗಟ್ಟಿ. ಥೈರಾಯ್ಡಿನ ಫಾಲಿಕ್ಯುಲರ್ ಅನ್ನೋ ಬಗೆಯ ಗೆಡ್ಡೆ ಕ್ಯಾನ್ಸರೋ ಅಲ್ಲವೋ ಅಂತ ತೀರ್ಮಾನ ಆಗೋದು ಅದು ತನ್ನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ದಾಟಿದೆಯಾ ಅನ್ನೋದರ ಮೇಲೆ. ಉದುರಿದ ಇಟ್ಟಿಗೆ ನೋಡಿ ಕಾಂಪೌಂಡು ಒಡೆದಿದೆಯಾ ಅಂತ ಹೇಳೋಕೆ ಆಗುತ್ತಾ? ಎಷ್ಟೇ ಅನುಭವ ಇರಲಿ, ಸೂಜಿಯ ಸ್ಲೈಡಿನಲ್ಲಿ ಅದನ್ನು ಹೇಳೋಕಾಗಲ್ಲ. ಆಪರೇಷನ್ ಮಾಡಿ ತೆಗೆದು ನೋಡಬೇಕು. ಈ ಮಾತನ್ನು ರೋಗಿಗೆ ಹೇಳೋ ಧೈರ್ಯವೂ ಪಾಠದ ಭಾಗ.

ಆದ್ರೆ 'ಹೇಳೋಕಾಗಲ್ಲ' ಅನ್ನೋದು ಸೋಮಾರಿಯ ಆಸರೆಯೂ ಆಗಬಹುದು. ದಪ್ಪ ಸ್ಲೈಡು ಎಳೆದು, ಆಲ್ಕೋಹಾಲಿಗೆ ತಡವಾಗಿ ಹಾಕಿ, ಆಮೇಲೆ ಗಂಭೀರವಾಗಿ 'ಸ್ಯಾಂಪಲ್ ಸಾಲದು' ಅಂತ ಸಹಿ ಹಾಕಿದ್ರೆ ಅದು ಪ್ರಾಮಾಣಿಕತೆ ಅಲ್ಲ. ಆ ಒಂದು ಸಾಲಿನ ಬೆಲೆ ಕೊಡೋರು ಬೆಂಚಿನ ಮೇಲೆ ಕೂತಿರ್ತಾರೆ. ಇನ್ನೊಂದು ದಿನದ ಕೂಲಿ, ಇನ್ನೊಂದು ಬಸ್ ಚಾರ್ಜು, ಮಗಳಿಗೆ ಇನ್ನೊಂದು ರಜೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಹೇಳೋದು: ಗೊತ್ತಾಗಲಿಲ್ಲ ಅಂತ ಬರೆಯೋ ಹಕ್ಕು, ಗೊತ್ತಾಗೋಕೆ ಬೇಕಾದ್ದನ್ನೆಲ್ಲ ಮಾಡಿದವರಿಗೆ ಮಾತ್ರ ಇದೆ.

ನಮ್ಮಲ್ಲಿ ಒಂದು ರಿಜಿಸ್ಟರ್ ಇದೆ. ಎಡಗಡೆ ನಾವು ಸೂಜಿಯಲ್ಲಿ ಹೇಳಿದ್ದು, ಬಲಗಡೆ ಆಮೇಲೆ ಬಯಾಪ್ಸಿಯಲ್ಲಿ ಅಥವಾ ಆಪರೇಷನ್ನಿನಲ್ಲಿ ಗೊತ್ತಾದದ್ದು. ಎರಡೂ ತಾಳೆ ಆಗದ ಸಾಲುಗಳ ಸ್ಲೈಡು ಹೊರತೆಗೆದು ಎಲ್ಲರೂ ಕೂತು ನೋಡ್ತೀವಿ. ಯಾರು ಬರೆದದ್ದು ಅಂತ ಕೇಳಲ್ಲ, ಯಾವ ಜೀವಕೋಶ ನಮ್ಮನ್ನು ಯಾಮಾರಿಸಿತು ಅಂತ ಕೇಳ್ತೀವಿ. ಪುಸ್ತಕ ಓದಿ ಕಲಿತದ್ದಕ್ಕಿಂತ ಮಕ್ಕಳು ಆ ಬಲಗಡೆಯ ಕಾಲಂ ನೋಡಿ ಕಲಿಯೋದು ಜಾಸ್ತಿ.

ಮಷೀನ್ ಬಂದ್ರೆ?

'ಮ್ಯಾಮ್, ಎಐ ಬಂದ ಮೇಲೆ ಇದೆಲ್ಲ ಯಾಕೆ?' ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳ್ತಾರೆ. ನಿಮ್ಮ ಕೆಲಸದ ಬಗ್ಗೆಯೂ ನಿಮಗೆ ಇದೇ ಪ್ರಶ್ನೆ ಇರಬಹುದು.

ಇದು ಹೊಸ ಪ್ರಶ್ನೆಯಲ್ಲ. ಪ್ಯಾಪ್ ಸ್ಲೈಡು ನೋಡೋಕೆ ಕಂಪ್ಯೂಟರ್ ಸಹಾಯ ಪಡೆಯೋ ಪ್ಯಾಪ್‌ನೆಟ್ ಅನ್ನೋ ವ್ಯವಸ್ಥೆಗೆ ಅಮೆರಿಕ 1995ರಲ್ಲೇ ಅನುಮತಿ ಕೊಟ್ಟಿತ್ತು. ನನ್ನ ಕೆಲವು ವಿದ್ಯಾರ್ಥಿಗಳು ಹುಟ್ಟೋ ಮೊದಲೇ. ಮಷೀನಿಗೆ ಸುಸ್ತಾಗಲ್ಲ, ಅದು ದೊಡ್ಡ ಗುಣ. ಮನುಷ್ಯನ ಕಣ್ಣು ಸೋಲುತ್ತೆ. ಅದಕ್ಕೇ ಅಮೆರಿಕದಲ್ಲಿ ಒಬ್ಬರು ದಿನಕ್ಕೆ 100 ಸ್ಲೈಡಿಗಿಂತ ಹೆಚ್ಚು ನೋಡಬಾರದು ಅನ್ನೋ ಮಿತಿ ಇಟ್ಟರು, 1988ರ ಕಾನೂನಿನ ಅಡಿಯಲ್ಲಿ. ಅದಕ್ಕಿಂತ ಮೊದಲು ಕೆಲವು ಲ್ಯಾಬುಗಳು ಸ್ಲೈಡಿಗಿಷ್ಟು ಅಂತ ದುಡ್ಡು ಕೊಟ್ಟು ರಾಶಿ ರಾಶಿ ನೋಡಿಸಿ, ರೋಗ ಇದ್ದವರಿಗೂ 'ಏನಿಲ್ಲ' ಅಂತ ಬರೆದದ್ದು ಪತ್ರಿಕೆಯಲ್ಲಿ ಬಯಲಾಗಿತ್ತು.

ಮಷೀನು ಸಾವಿರ ಜೀವಕೋಶದಲ್ಲಿ ಅನುಮಾನದ ಹತ್ತನ್ನು ಎತ್ತಿ ತೋರಿಸಲಿ, ಸಂತೋಷ. ಆದ್ರೆ ಆ ದಿನ ಕಿತ್ತಳೆ ಬಣ್ಣದ ಜೀವಕೋಶ ಇದ್ದದ್ದು ಎರಡನೇ ಸ್ಲೈಡಿನಲ್ಲಿ. ಮೊದಲ ಸ್ಲೈಡನ್ನು ಎಷ್ಟು ಒಳ್ಳೇ ಮಷೀನಿಗೆ ಕೊಟ್ಟಿದ್ದರೂ ಅದರಲ್ಲಿ ಇಲ್ಲದ್ದನ್ನು ಅದು ಕಾಣುತ್ತಿರಲಿಲ್ಲ. ಎರಡನೇ ಸ್ಲೈಡು ಹುಟ್ಟಿದ್ದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಮಾತಾಡಿದ್ದರಿಂದ.

ನಿಮ್ಮ ಕೈಗೆ ರಿಪೋರ್ಟ್ ಬಂದಾಗ

ಇಷ್ಟು ಓದಿದ ಮೇಲೆ ನಿಮಗೆ ಉಪಯೋಗಕ್ಕೆ ಬರೋ ನಾಲ್ಕು ಮಾತು.

'ಸ್ಯಾಂಪಲ್ ಸಾಲದು' ಅಂತ ಬಂದರೆ ಅದು 'ನಾರ್ಮಲ್' ಅಲ್ಲ. ರೋಗ ಇದೆ ಅಂತಲೂ ಅಲ್ಲ. ಪರೀಕ್ಷೆ ಇನ್ನೂ ಆಗಿಲ್ಲ ಅಂತ. ಖುಷಿಪಟ್ಟು ಫೈಲು ಮುಚ್ಚಿಡಬೇಡಿ, ಮತ್ತೆ ಡಾಕ್ಟರ ಹತ್ತಿರ ಹೋಗಿ. 'ಎಟಿಪಿಕಲ್', 'ಸಸ್ಪಿಷಿಯಸ್' ಅನ್ನೋವು ಬೇರೆ ಬೇರೆ ಮಟ್ಟದ ಅನುಮಾನಗಳು, ತೀರ್ಪಲ್ಲ. ಆ ಪದ ಗೂಗಲ್ ಮಾಡೋ ಬದಲು ಬರೆಸಿದ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಹೆಜ್ಜೆ ಏನು ಅಂತ ಕೇಳಿ.

ಸೂಜಿ ಚುಚ್ಚಿದ್ರೆ ಗಂಟು ಕೆರಳಿ ಕ್ಯಾನ್ಸರ್ ಹರಡುತ್ತೆ ಅಂತ ಊರಲ್ಲಿ ಮಾತಿದೆ. ಈ ಸಣ್ಣ ಸೂಜಿಯಿಂದ ಹಾಗಾಗೋದು ತೀರಾ ಅಪರೂಪ. ಆ ಭಯಕ್ಕೆ ಪರೀಕ್ಷೆ ಮುಂದೂಡಿದವರು ಕಳೆದುಕೊಳ್ಳೋದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಪರೀಕ್ಷೆಗೆ ಬಂದಾಗ ನಮ್ಮ ಹುಡುಗ ಹುಡುಗಿಯರು ಹೊಗೆಸೊಪ್ಪು, ಗುಟ್ಕಾ, ಹಳೇ ಟಿಬಿ, ರಕ್ತ ತೆಳುವಾಗಿಸೋ ಮಾತ್ರೆ ಅಂತ ಏನೇನೋ ಕೇಳ್ತಾರೆ. ಸೂಜಿ ಹಾಕೋಕೆ ಇದೆಲ್ಲ ಯಾಕೆ ಅನ್ನಿಸಬಹುದು. ಮುಚ್ಚಿಡದೆ ಹೇಳಿ, ಹಳೇ ರಿಪೋರ್ಟು ತನ್ನಿ. ಕುತ್ತಿಗೆಯ ಗಂಟಿನ ಉತ್ತರ ಕೆನ್ನೆಯೊಳಗೆ ಇರಬಹುದು.

ಕೊನೆಯದು ಮನೆಯ ಹೆಂಗಸರ ಬಗ್ಗೆ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುತ್ತೆ ಅಂತ ಅಂದಾಜು. ಕ್ಯಾನ್ಸರ್ ಆಗೋಕೆ ವರ್ಷಗಳ ಮೊದಲೇ ಜೀವಕೋಶದಲ್ಲಿ ಬದಲಾವಣೆ ಕಾಣಿಸಿಕೊಳ್ಳೋ ಕಾಯಿಲೆ ಅದು, ಅಂದ್ರೆ ಹಿಡಿಯೋಕೆ ಟೈಮು ಸಿಗುತ್ತೆ. ಆದರೂ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, 1.9 ಪರ್ಸೆಂಟ್. ಅಮ್ಮನಿಗೆ ಹೊಸ ಫೋನು ಕೊಡಿಸೋ ನಾವು ಅಮ್ಮನ ಹತ್ತಿರ ಈ ಮಾತು ಎತ್ತೋಕೆ ನಾಚಿಕೊಳ್ತೀವಿ. ಈ ಸಲ ಊರಿಗೆ ಹೋದಾಗ ಎತ್ತಿ. ಅಮ್ಮ, ಅಕ್ಕ, ಅತ್ತೆ, ಮನೆಗೆಲಸಕ್ಕೆ ಬರೋ ಅಕ್ಕನಿಗೂ ಹೇಳಿ.

ಆ ಪಿಜಿ ಹುಡುಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಮೊನ್ನೆ ಹೊಸ ಬ್ಯಾಚಿನ ಹುಡುಗನೊಬ್ಬ ಕುತ್ತಿಗೆಯ ಗಂಟಿನ ಸ್ಲೈಡು ಹಿಡಿದುಕೊಂಡು ಓಡಿ ಬಂದ. ನಾನು ಬಾಯಿ ತೆಗೆಯೋ ಮೊದಲೇ ಅವಳು ಕೇಳಿದಳು, 'ಪೇಷಂಟ್ ಇನ್ನೂ ಇದ್ದಾರಾ, ಹೋದ್ರಾ?'

ಆಮೇಲೆ ಕುರ್ಚಿ ಎಳೆದುಕೊಂಡು ಅವನ ಎದುರು ಕೂತು, ಚಿಕ್ಕ ಲೆನ್ಸು ತಿರುಗಿಸಿ, 'ಈಗ ಹೇಳು, ಏನು ಕಾಣ್ತಿದೆ' ಅಂದಳು.